ಆಸ್ಪತ್ರೆಗೆ ಬಾರದವರ ಲೆಕ್ಕ

ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಒಬ್ಬ ಸರ್ಜನ್‌ಗೆ ಎರಡು ಮೇಜು. ಒಂದರ ಮೇಲೆ ಮಲಗಿದವರ ಕಣ್ಣಿನ ಪೊರೆ ತೆಗೆಯುವ ಕೆಲಸ ನಡೆದಿರುವಾಗಲೇ ಪಕ್ಕದ ಮೇಜಿನ ಮೇಲೆ ಮುಂದಿನವರನ್ನು ಮಲಗಿಸಿ, ಕಣ್ಣು ಶುಚಿ ಮಾಡಿ, ಬಟ್ಟೆ ಹೊದಿಸಿ ಸಿದ್ಧಪಡಿಸಿರುತ್ತಾರೆ. ಮೊದಲನೆಯದು ಮುಗಿಯಿತೆಂದರೆ ಸರ್ಜನ್ ಮೈಕ್ರೋಸ್ಕೋಪನ್ನು ಆ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಈ ಮೇಜು ಖಾಲಿಯಾಗಿ, ಮತ್ತೊಬ್ಬರು ಬಂದು ಮಲಗಿರುತ್ತಾರೆ. ರೋಗಿಯನ್ನು ಕರೆತರುವುದು, ಅರಿವಳಿಕೆ ಚುಚ್ಚುಮದ್ದಿನ ನಂತರ ನೋಡಿಕೊಳ್ಳುವುದು, ಉಪಕರಣ ಕೈಗಿಡುವುದು, ಪಟ್ಟಿ ಕಟ್ಟಿ ವಾರ್ಡಿಗೆ ಕಳಿಸುವುದು, ಇವುಗಳಲ್ಲಿ ಯಾವುದಕ್ಕೂ ಸರ್ಜನ್ ಕಾಯುವುದಿಲ್ಲ. ಹೀಗಾಗಿ ಅಲ್ಲಿನ ಒಬ್ಬ ಸರ್ಜನ್ ವರ್ಷಕ್ಕೆ ಎರಡು ಸಾವಿರದ ಆಸುಪಾಸು ಆಪರೇಷನ್ ಮಾಡುತ್ತಾರೆ. ದೇಶದ ಸರಾಸರಿಗೆ ಹೋಲಿಸಿದರೆ ಇದು ಹಲವು ಪಟ್ಟು ಹೆಚ್ಚು.

ಈ ಎರಡು ಮೇಜುಗಳನ್ನು ನೋಡಲು ಜಗತ್ತಿನ ಮ್ಯಾನೇಜ್‌ಮೆಂಟ್ ಶಾಲೆಗಳೆಲ್ಲ ಮದುರೈಗೆ ಬಂದುಹೋಗಿವೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1993ರಲ್ಲೇ ಈ ಆಸ್ಪತ್ರೆಯ ಬಗ್ಗೆ ಪಾಠವೊಂದನ್ನು ಬರೆಯಿತು. ಅಂದಿನಿಂದ ಅದನ್ನು ಲಾಭದ ವ್ಯವಹಾರ ಕಲಿಯಲು ಬಂದ ಸಾವಿರಾರು ವಿದ್ಯಾರ್ಥಿಗಳು ಓದಿದ್ದಾರೆ. ಆದರೆ ಬಂದವರ ಕಣ್ಣಿಗೆ ಬೀಳುವುದು ವೇಗ. ಆ ವೇಗದ ಹಿಂದಿರುವ ಯೋಜನೆ ಶುರುವಾದದ್ದು ಥಿಯೇಟರಿನ ಒಳಗಿನಿಂದ ಅಲ್ಲವೇ ಅಲ್ಲ. ಆಸ್ಪತ್ರೆಗೆ ಯಾರು ಬರುತ್ತಿಲ್ಲ, ಏಕೆ ಬರುತ್ತಿಲ್ಲ ಎಂಬ ಪ್ರಶ್ನೆಯಿಂದ.

ನಮ್ಮ ಆಸ್ಪತ್ರೆಗಳ ವಾರ್ಷಿಕ ವರದಿಗಳನ್ನು ತೆರೆದು ನೋಡಿ. ಹೊರರೋಗಿಗಳು ಇಷ್ಟು, ಒಳರೋಗಿಗಳು ಇಷ್ಟು, ಹೆರಿಗೆ ಇಷ್ಟು, ಹಾಸಿಗೆ ಭರ್ತಿಯ ಪ್ರಮಾಣ ಇಷ್ಟು ಎಂದು ಬಂದವರ ಲೆಕ್ಕ ಅಚ್ಚುಕಟ್ಟಾಗಿರುತ್ತದೆ. ಮುಂದಿನ ಐದು ವರ್ಷದ ಯೋಜನೆಯನ್ನೂ ಆ ಲೆಕ್ಕದ ಮೇಲೆಯೇ ಕಟ್ಟುತ್ತಾರೆ: ಬಂದವರು ಹೆಚ್ಚಾದರೆ ಇನ್ನೊಂದು ಮಹಡಿ, ಕಡಿಮೆಯಾದರೆ ಜಾಹೀರಾತು. ಗೋಡೆಗೆ ಧ್ಯೇಯವಾಕ್ಯದ ಫಲಕ. ಬಾರದವರಿಗೆ ಈ ಪಟ್ಟಿಯಲ್ಲಿ ಕಾಲಂ ಇರುವುದೇ ಇಲ್ಲ.

ಅರವಿಂದ್ ಕಟ್ಟಿದ ಡಾ. ಜಿ. ವೆಂಕಟಸ್ವಾಮಿ 1918ರಲ್ಲಿ ತಮಿಳುನಾಡಿನ ದಕ್ಷಿಣದ ವಡಮಲಪುರಂ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಸೇನೆಯಲ್ಲಿ ವೈದ್ಯರಾಗಿದ್ದಾಗ ತೀವ್ರ ಸಂಧಿವಾತ ಬಂದು ಹಾಸಿಗೆ ಹಿಡಿದರು, ಬೆರಳುಗಳು ಸೊಟ್ಟಗಾದವು. ಹೆರಿಗೆ ಡಾಕ್ಟರಾಗಬೇಕೆಂದಿದ್ದವರು ಕಣ್ಣಿನ ಕಡೆ ಹೊರಳಿ, ಆ ಬೆರಳುಗಳಿಗೆ ಒಗ್ಗುವ ಉಪಕರಣ ಮಾಡಿಸಿಕೊಂಡು ಆಪರೇಷನ್ ಕಲಿತರು. ಬದುಕಿನಲ್ಲಿ ಅವರು ಮಾಡಿದ ಕಣ್ಣಿನ ಶಸ್ತ್ರಚಿಕಿತ್ಸೆಗಳು ಒಂದು ಲಕ್ಷಕ್ಕೂ ಹೆಚ್ಚು. ಸರ್ಕಾರಿ ಸೇವೆಯಿಂದ 58ನೆಯ ವಯಸ್ಸಿಗೆ ನಿವೃತ್ತರಾದ ಮೇಲೆ, 1976ರಲ್ಲಿ, ಮದುರೈನ ಒಂದು ಮನೆಯಲ್ಲಿ 11 ಹಾಸಿಗೆಗಳ ಆಸ್ಪತ್ರೆ ತೆರೆದರು. ತಂಗಿ ಡಾ. ನಾಚಿಯಾರ್, ಅವರ ಪತಿ ಡಾ. ನಂಪೆರುಮಾಳ್‌ಸಾಮಿ ಜೊತೆಗೂಡಿದರು. ಮನೆಯವರ ಆಸ್ತಿ, ಒಡವೆ ಅಡಮಾನಕ್ಕೆ ಹೋದವು.

ಸಾಮಾನ್ಯವಾಗಿ ಇಂಥ ಕಥೆ ದಾನಿಗಳ ಹುಡುಕಾಟದ ಕಡೆಗೆ ತಿರುಗುತ್ತದೆ. ವೆಂಕಟಸ್ವಾಮಿಯವರು ಬೇರೆ ದಾರಿ ಹಿಡಿದರು. ಹಣ ಕೊಡಬಲ್ಲವರು ಕೊಡಲಿ, ಆ ಉಳಿತಾಯದಲ್ಲೇ ಕೊಡಲಾರದವರ ಕಣ್ಣನ್ನೂ ನೋಡೋಣ ಎಂದರು. ಆದಾಯ ಪ್ರಮಾಣಪತ್ರ, ಶಿಫಾರಸು ಪತ್ರ ಯಾವುದನ್ನೂ ಕೇಳಲಿಲ್ಲ. ಹಣ ಕೊಡುವ ವಿಭಾಗಕ್ಕೆ ಹೋಗಬೇಕೋ ಉಚಿತ ವಿಭಾಗಕ್ಕೆ ಹೋಗಬೇಕೋ ಎಂಬುದು ರೋಗಿಗೇ ಬಿಟ್ಟದ್ದು. ಕೋಣೆ, ಹಾಸಿಗೆ, ಊಟದಲ್ಲಿ ವ್ಯತ್ಯಾಸ ಉಂಟು, ಡಾಕ್ಟರುಗಳಲ್ಲಿ ಇಲ್ಲ. ಅವರೇ ಸರದಿಯ ಮೇಲೆ ಎರಡೂ ಕಡೆ ಕೆಲಸ ಮಾಡುತ್ತಾರೆ. ಉಳ್ಳವರು ನುಸುಳಿ ಉಚಿತ ವಿಭಾಗ ತುಂಬಿಬಿಡುತ್ತಾರೆ ಎಂದು ಹೆದರುವ ನಮ್ಮ ಆಡಳಿತ ಮನಸ್ಸಿಗೆ ಇದು ಹುಚ್ಚಾಟದಂತೆ ಕಾಣಬಹುದು. ಅರ್ಧ ಶತಮಾನವಾಗುತ್ತ ಬಂದರೂ ಆಸ್ಪತ್ರೆ ಮುಳುಗಿಲ್ಲ. ಅದು ಮಾಡುವ ಆಪರೇಷನ್‌ಗಳಲ್ಲಿ ಸರಿಸುಮಾರು ಅರ್ಧದಷ್ಟು ಇಂದಿಗೂ ಉಚಿತ, ಇಲ್ಲವೇ ತೀರ ಕಡಿಮೆ ದರದವು.

ಉಚಿತ ಎಂದ ಮಾತ್ರಕ್ಕೆ ಜನ ಬರುತ್ತಾರೆಯೇ? ಇಲ್ಲ. ಇದು ಅರವಿಂದ್ ಕಲಿತ ಕಹಿ ಪಾಠ. ಹಳ್ಳಿಗಳಲ್ಲಿ ಶಿಬಿರ ನಡೆಸಿ, ಪೊರೆ ಇದ್ದವರಿಗೆ ಬನ್ನಿ ಎಂದು ಹೇಳಿ ಬಂದರೂ ಎಷ್ಟೋ ಮಂದಿ ಆಸ್ಪತ್ರೆಯ ಕಡೆ ಸುಳಿಯಲಿಲ್ಲ. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಬಸ್ ಚಾರ್ಜು. ಜೊತೆಗೆ ಬರುವ ಮಗನ ಕೂಲಿ. ಮೂರು ದಿನದ ಊಟ. ಮನೆಯಲ್ಲಿ ದನ ನೋಡಿಕೊಳ್ಳುವವರು ಯಾರು ಎಂಬ ಚಿಂತೆ. ವಯಸ್ಸಾದ ಮೇಲೆ ಕಣ್ಣು ಕಾಣದಿರುವುದು ಸಹಜ, ಅದಕ್ಕೇಕೆ ಇಷ್ಟು ರಾದ್ಧಾಂತ ಎಂಬ ಸಂಕೋಚ. ಆಪರೇಷನ್‌ಗೆ ದುಡ್ಡು ಕೊಡಬೇಕಿರಲಿಲ್ಲ, ಸರಿ, ಉಳಿದದ್ದಕ್ಕೆಲ್ಲ ಖರ್ಚಿತ್ತು. ಆಸ್ಪತ್ರೆ ಯೋಜನೆಯನ್ನು ತಿದ್ದಿತು. ಶಿಬಿರದ ಜಾಗದಿಂದಲೇ ಬಸ್ಸು, ಒಂದೂರಿನವರೆಲ್ಲ ಒಟ್ಟಿಗೆ, ಊಟ ವಸತಿ ಆಸ್ಪತ್ರೆಯದು, ವಾಪಸು ಊರಿಗೆ ಬಿಡುವ ಹೊಣೆಯೂ ಆಸ್ಪತ್ರೆಯದು. ಶಿಬಿರದ ಪ್ರಚಾರ, ಜಾಗ, ಖರ್ಚುಗಳನ್ನು ಊರಿನ ಸಂಘಸಂಸ್ಥೆಗಳಿಗೆ ವಹಿಸಿ, ಕಣ್ಣು ನೋಡುವುದನ್ನಷ್ಟೇ ತಾನು ಇಟ್ಟುಕೊಂಡಿತು.

ಇಷ್ಟಾದರೂ ನೆಮ್ಮದಿಯಾಗಿ ಕೂರಲು ಅಂಕಿಗಳು ಬಿಡಲಿಲ್ಲ. ಶಿಬಿರ ನಡೆಯುತ್ತಿದ್ದ ಹಳ್ಳಿಗಳಲ್ಲಿ ಮನೆಮನೆ ಸುತ್ತಿ ಮಾಡಿದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಕಣ್ಣಿನ ತೊಂದರೆ ಇದ್ದ ದೊಡ್ಡವರಲ್ಲಿ ಶಿಬಿರಕ್ಕೆ ಬಂದವರು ಶೇಕಡಾ 7ರಷ್ಟು ಮಾತ್ರ. ಶಿಬಿರದ ಮೈದಾನದಲ್ಲಿ ನಿಂತು ನೋಡಿದರೆ ಜನಜಾತ್ರೆ. ಮನೆಗಳ ಒಳಗೆ ಇಣುಕಿದರೆ ನೂರಕ್ಕೆ ತೊಂಬತ್ತಮೂರು ಮಂದಿ ಬಂದೇ ಇಲ್ಲ. ಇಂಥ ವರದಿ ಕೈಗೆ ಬಂದರೆ ಬೀರುವಿನಲ್ಲಿಟ್ಟು ಬೀಗ ಹಾಕುವ ಸಂಸ್ಥೆಗಳೇ ಹೆಚ್ಚು. ಅರವಿಂದ್ ಶಿಬಿರಗಳ ಮಿತಿಯನ್ನು ಒಪ್ಪಿಕೊಂಡು, ಮುಂದಿನ ದಶಕದಲ್ಲಿ ದೃಷ್ಟಿ ಕೇಂದ್ರಗಳನ್ನು ತೆರೆಯಲು ಹೊರಟಿತು. ಚಿಕ್ಕ ಪಟ್ಟಣದ ಒಂದು ಮಳಿಗೆ, ಕಣ್ಣು ಪರೀಕ್ಷಿಸುವ ಯಂತ್ರ, ತರಬೇತಾದ ತಂತ್ರಜ್ಞೆ, ದೂರದ ಆಸ್ಪತ್ರೆಯ ಡಾಕ್ಟರೊಂದಿಗೆ ಮಾತಾಡಿಸುವ ಇಂಟರ್‌ನೆಟ್ ಸಂಪರ್ಕ. ತೇಣಿ ಜಿಲ್ಲೆಯಲ್ಲಿ ಆರಂಭದ ಸಂಪರ್ಕಕ್ಕೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡವೊಂದು ದೂರಗಾಮಿ ವೈಫೈ ಕಟ್ಟಿಕೊಟ್ಟಿತ್ತು. ಕನ್ನಡಕ ಸಾಕಾಗುವವರಿಗೆ ಅಲ್ಲೇ ಕನ್ನಡಕ. ಆಪರೇಷನ್ ಬೇಕಾದವರು ಮಾತ್ರ ಆಸ್ಪತ್ರೆಗೆ. ಈಗ ಇಂಥ ಕೇಂದ್ರಗಳು ನೂರು ದಾಟಿವೆ.

ಎರಡು ಮೇಜುಗಳ ಜಾಣತನ ಅರ್ಥವಾಗುವುದು ಇದನ್ನೆಲ್ಲ ನೋಡಿದ ಮೇಲೆ. ಬಾರದವರನ್ನು ಕರೆತಂದರೆ ಸಾಲದು, ಬಂದವರೆಲ್ಲರ ಕೆಲಸ ಮುಗಿಯಬೇಕು. ದೇಶದಲ್ಲಿ ಅತಿ ವಿರಳವಾದದ್ದು ಕಣ್ಣಿನ ಸರ್ಜನ್‌ನ ಸಮಯ. ಆದ್ದರಿಂದ ಸರ್ಜನ್ ಮಾತ್ರ ಮಾಡಬಲ್ಲ ಕೆಲಸವನ್ನಷ್ಟೇ ಸರ್ಜನ್‌ಗೆ ಉಳಿಸಿ, ಮಿಕ್ಕಿದ್ದನ್ನೆಲ್ಲ ಬೇರೆಯವರಿಗೆ ಕಲಿಸಿದರು. ಆ ಬೇರೆಯವರು ಹಳ್ಳಿಗಳ ಹೆಣ್ಣುಮಕ್ಕಳು. ಹನ್ನೆರಡನೆಯ ತರಗತಿ ಮುಗಿಸಿದವರನ್ನು ಆರಿಸಿ ಎರಡು ವರ್ಷ ತರಬೇತಿ ಕೊಡುತ್ತಾರೆ. ದೃಷ್ಟಿ ಅಳೆಯುವುದು, ಕಣ್ಣಿನ ಒತ್ತಡ ನೋಡುವುದು, ಹಾಕಬೇಕಾದ ಲೆನ್ಸಿನ ಅಳತೆ ತೆಗೆಯುವುದು, ಆಪರೇಷನ್ ಎಂದರೆ ಏನು ಎಂದು ಅಜ್ಜಿಯರಿಗೆ ಬಿಡಿಸಿ ಹೇಳಿ ಧೈರ್ಯ ತುಂಬುವುದು ಎಲ್ಲವೂ ಇವರ ಪಾಲು. ಸಂಸ್ಥೆಯ ಸಿಬ್ಬಂದಿಯಲ್ಲಿ ಇವರೇ ಹೆಚ್ಚು. ಜಗತ್ತು ಸರ್ಜನ್‌ಗಳ ವೇಗವನ್ನು ಹೊಗಳುತ್ತದೆ. ಆ ವೇಗ ನಿಂತಿರುವುದು ಈ ಹುಡುಗಿಯರ ಮೇಲೆ.

ಮುಂದಿನ ತೊಡಕು ಲೆನ್ಸು. ಪೊರೆ ತೆಗೆದ ಕಣ್ಣಿನೊಳಗೆ ಕೂರಿಸುವ ಕೃತಕ ಲೆನ್ಸನ್ನು ಹೊರದೇಶದಿಂದ ತರಿಸಬೇಕಾಗಿದ್ದ ಕಾಲದಲ್ಲಿ ಒಂದಕ್ಕೆ ನೂರು ಡಾಲರಿನ ಆಸುಪಾಸು ಬೆಲೆ. ಹಾಗಾಗಿ ಬಡವರಿಗೆ ಪೊರೆ ತೆಗೆದು ದಪ್ಪ ಗಾಜಿನ ಕನ್ನಡಕ ಕೊಟ್ಟು ಕಳಿಸುವುದೇ ರೂಢಿಯಾಗಿತ್ತು. ಆ ಕನ್ನಡಕ ಬಿದ್ದು ಒಡೆದರೆ ಮತ್ತೆ ಕತ್ತಲೆ. ದಾನವಾಗಿ ಬರುವ ಲೆನ್ಸುಗಳನ್ನು ನಂಬಿ ಎಷ್ಟು ದಿನ ನಡೆಸುವುದು? ಅಮೆರಿಕದ ಸೇವಾ ಫೌಂಡೇಷನ್ ಮತ್ತು ಅದರಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ಗ್ರೀನ್ ಅವರ ನೆರವಿನಿಂದ 1992ರಲ್ಲಿ ಅರವಿಂದ್ ತನ್ನದೇ ಕಾರ್ಖಾನೆ ಆರೋಲ್ಯಾಬ್ ತೆರೆಯಿತು. ಬೆಲೆ ಹತ್ತು ಡಾಲರಿನ ಆಸುಪಾಸಿಗೆ ಇಳಿಯಿತು, ಮುಂದೆ ಇನ್ನೂ ಕೆಳಕ್ಕೆ ಬಂತು. ಇಂದು ಅಲ್ಲಿಂದ ನೂರಕ್ಕೂ ಹೆಚ್ಚು ದೇಶಗಳಿಗೆ ಲೆನ್ಸು ಹೋಗುತ್ತದೆ. ಆಸ್ಪತ್ರೆಯೊಂದು ಕಾರ್ಖಾನೆ ನಡೆಸುವುದು ಮ್ಯಾನೇಜ್‌ಮೆಂಟ್ ಪುಸ್ತಕಗಳಿಗೆ ಅಷ್ಟಾಗಿ ಹಿಡಿಸದ ವಿಚಾರ. ತನ್ನ ಮುಖ್ಯ ಕೆಲಸ ಬಿಟ್ಟು ಆಚೀಚೆ ಕೈಹಾಕಬಾರದು ಎಂಬುದು ಅವುಗಳ ಉಪದೇಶ. ಇಲ್ಲಿ ಆ ಉಪದೇಶ ಕೇಳಿದ್ದರೆ ಮುಖ್ಯ ಕೆಲಸವೇ ನಿಲ್ಲುತ್ತಿತ್ತು.

ಇಷ್ಟು ವೇಗವಾಗಿ ಮಾಡಿದರೆ ಕೆಲಸ ಕೆಡದೇ? ಕೇಳಲೇಬೇಕಾದ ಪ್ರಶ್ನೆ. ಕಣ್ಣಿನ ಸಾಮೂಹಿಕ ಶಸ್ತ್ರಚಿಕಿತ್ಸೆಯ ನಂತರ ಸೋಂಕು ತಗುಲಿ ದೃಷ್ಟಿ ಹೋದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತಲೇ ಇರುತ್ತೇವೆ. ಅರವಿಂದ್ ಪ್ರತಿಯೊಬ್ಬ ಸರ್ಜನ್‌ನ ಪ್ರತಿ ತೊಡಕನ್ನೂ ದಾಖಲಿಸುತ್ತದೆ. ದಾಖಲೆ ದೊಡ್ಡದಾದಷ್ಟೂ ಅದರಿಂದ ಕಲಿಯಬಹುದಾದದ್ದೂ ಹೆಚ್ಚು. ಆಪರೇಷನ್ ಮುಗಿಯುವಾಗ ಕಣ್ಣಿನೊಳಗೇ ಮಾಕ್ಸಿಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಹಾಕಿದರೆ ಒಳಿತೇ ಎಂಬ ಪ್ರಶ್ನೆಗೆ ಅಲ್ಲಿನ ವೈದ್ಯರು ಆರು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ದಾಖಲೆ ಹಿಡಿದು 2017ರಲ್ಲಿ ಉತ್ತರ ಕೊಟ್ಟರು. ಔಷಧ ಹಾಕದಿದ್ದಾಗ ಗಂಭೀರ ಸೋಂಕು ಶೇಕಡಾ 0.07, ಹಾಕಿದಾಗ 0.02. ಹತ್ತು ಸಾವಿರಕ್ಕೆ ಏಳರ ಜಾಗದಲ್ಲಿ ಎರಡು. ವರ್ಷಕ್ಕೆ ಐನೂರು ಆಪರೇಷನ್ ಮಾಡುವ ಆಸ್ಪತ್ರೆ ಈ ವ್ಯತ್ಯಾಸವನ್ನು ಕಂಡುಹಿಡಿಯುವುದಕ್ಕೆ ಒಂದು ಜೀವಮಾನವೂ ಸಾಲುತ್ತಿರಲಿಲ್ಲ.

ವೇಗಕ್ಕೆ ಕಡಿವಾಣ ಬೇಕು ಎಂಬುದನ್ನು ಅಮೆರಿಕದ ಸಿಯಾಟಲ್ ನಗರದ ವರ್ಜೀನಿಯಾ ಮೇಸನ್ ಆಸ್ಪತ್ರೆ ಇನ್ನೊಂದು ಬಗೆಯಲ್ಲಿ ತೋರಿಸಿತು. ಅದರ ಮುಖ್ಯಸ್ಥರು 2002ರಲ್ಲಿ ಜಪಾನಿಗೆ ಹೋಗಿ ಟೊಯೊಟಾ ಕಾರು ತಯಾರಿಕೆಯ ಪದ್ಧತಿ ಕಲಿತು ಬಂದರು. ಅಲ್ಲಿ ತಪ್ಪು ಕಂಡ ಯಾವ ಕಾರ್ಮಿಕನಾದರೂ ಇಡೀ ಸಾಲನ್ನು ನಿಲ್ಲಿಸಬಹುದು. ಆಸ್ಪತ್ರೆಯಲ್ಲೂ ಆಯಾ, ನರ್ಸ್, ಔಷಧ ವಿತರಕ, ಯಾರೇ ಆಗಲಿ, ರೋಗಿಗೆ ಅಪಾಯವಿದೆ ಎನಿಸಿದರೆ ಕೆಲಸ ನಿಲ್ಲಿಸಿ ಎನ್ನುವ ಅಧಿಕಾರ ಪಡೆದರು. ಹಿರಿಯ ಡಾಕ್ಟರ ಎದುರು ನರ್ಸ್ ದನಿ ಎತ್ತಲು ಅಂಜುವ ನಮ್ಮ ವಾರ್ಡುಗಳಿಗೆ ಯಾವ ಯಂತ್ರಕ್ಕಿಂತಲೂ ಇದು ತುರ್ತು.

ಆದರೆ ಕಣ್ಣಿನ ಪೊರೆ ಒಂದು ವಿಷಯದಲ್ಲಿ ಅದೃಷ್ಟದ ಕಾಯಿಲೆ. ಅದು ಕಾಯುತ್ತದೆ. ಇಂದಲ್ಲ ನಾಳೆ ಎಂದು ದಿನ ಗೊತ್ತುಮಾಡಬಹುದು, ಒಂದು ಕಣ್ಣಿನ ಕೆಲಸಕ್ಕೂ ಇನ್ನೊಂದರ ಕೆಲಸಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹೃದಯ ಹಾಗಲ್ಲ. ಅಲ್ಲಿ ಖರ್ಚು ದೊಡ್ಡದು, ಸಮಯ ಚಿಕ್ಕದು. ಈ ಎರಡರಲ್ಲಿ ಖರ್ಚಿನ ಕಡೆಯಿಂದ ಹೊರಟದ್ದು ಕರ್ನಾಟಕದ ಒಂದು ಪ್ರಯತ್ನ, ಸಮಯದ ಕಡೆಯಿಂದ ಹೊರಟದ್ದು ಇನ್ನೊಂದು.

ದಕ್ಷಿಣ ಕನ್ನಡದ ಕಿನ್ನಿಗೋಳಿಯವರಾದ ಡಾ. ದೇವಿಪ್ರಸಾದ್ ಶೆಟ್ಟಿ ಲಂಡನ್ನಿನಲ್ಲಿ ತರಬೇತಿ, ಕೋಲ್ಕತ್ತದಲ್ಲಿ ಹೆಸರು ಪಡೆದು, ಬೆಂಗಳೂರಿನ ಹೊರವಲಯದ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಕಟ್ಟಿದ್ದು ಹೊಸ ಶತಮಾನದ ಹೊಸ್ತಿಲಲ್ಲಿ. ಸೂತ್ರ ಅರವಿಂದ್ ಮಾದರಿಗೆ ಹತ್ತಿರದ್ದೇ. ಆಪರೇಷನ್‌ಗಳ ಸಂಖ್ಯೆ ಹೆಚ್ಚಿಸಿ, ಪ್ರತಿಯೊಂದರ ವೆಚ್ಚ ಇಳಿಸುವುದು. ದುಬಾರಿ ಯಂತ್ರ ಸಂಜೆ ಐದಕ್ಕೆ ಮಲಗಬಾರದು. ದಿನದ ಖರ್ಚು ವರಮಾನದ ಲೆಕ್ಕ ಮರುದಿನವೇ ಹಿರಿಯ ವೈದ್ಯರ ಮೊಬೈಲಿಗೆ ಸಂದೇಶವಾಗಿ ಬರುವ ಏರ್ಪಾಡನ್ನು ಅಲ್ಲಿ ಮಾಡಿದರು. ತಿಂಗಳ ಕೊನೆಯಲ್ಲಿ ಲೆಕ್ಕ ನೋಡುವುದು ಮರಣೋತ್ತರ ಪರೀಕ್ಷೆಯಿದ್ದಂತೆ, ದಿನದಿನ ನೋಡಿದರೆ ರೋಗ ಪತ್ತೆ ಹಚ್ಚಿದಂತೆ ಎಂದು ಶೆಟ್ಟಿಯವರು ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಮೈಸೂರಿನಲ್ಲಿ 2013ರಲ್ಲಿ ತೆರೆದ ಆಸ್ಪತ್ರೆಯಲ್ಲಿ ಏ.ಸಿ. ಆಪರೇಷನ್ ಥಿಯೇಟರ್, ಐಸಿಯುಗಳಂಥ ಕಡೆಗಷ್ಟೇ. ವಾರ್ಡುಗಳಿಗೆ ಕಿಟಕಿಯ ಗಾಳಿ. ರೋಗಿಯ ಜೊತೆಗೆ ಬಂದ ಮನೆಯವರನ್ನು ಹೊರಗೆ ಕೂರಿಸುವ ಬದಲು ಅವರಿಗೇ ಶುಶ್ರೂಷೆ ಕಲಿಸುವ ಕ್ರಮವೂ ನಾರಾಯಣದ ಆಸ್ಪತ್ರೆಗಳಲ್ಲಿ ಶುರುವಾಯಿತು. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಹುಟ್ಟುಹಾಕಿದ ನೂರಾ ಹೆಲ್ತ್ ಅದನ್ನು ರೂಪಿಸಿತು, ಮುಂದೆ ಸರ್ಕಾರಿ ಆಸ್ಪತ್ರೆಗಳಿಗೂ ಒಯ್ದಿತು.

ಇವೆಲ್ಲ ಒಳಗಿನ ಅಚ್ಚುಕಟ್ಟು. ದರ ಎಷ್ಟೇ ಇಳಿದರೂ ಎರಡು ಎಕರೆಯ ರೈತನಿಗೆ ಹೃದಯದ ಆಪರೇಷನ್ ಎಂದರೆ ಹೊಲ ಮಾರುವ ಮಾತೇ. ಅವನು ಬರುವುದಿಲ್ಲ. ಅವನನ್ನು ಆಸ್ಪತ್ರೆಯ ಬಾಗಿಲಿಗೆ ತಂದದ್ದು 2003ರ ಯಶಸ್ವಿನಿ. ರಾಜ್ಯ ಸರ್ಕಾರ ಮತ್ತು ಸಹಕಾರ ಇಲಾಖೆಯ ಜೊತೆ ಶೆಟ್ಟಿಯವರ ಸಲಹೆ ಸೇರಿ ರೂಪುಗೊಂಡ ಈ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಗೆ ನಗದು ಕೊಡಬೇಕಿರಲಿಲ್ಲ. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಹೊಸ ಕಚೇರಿ, ಏಜೆಂಟರ ಪಡೆ ಯಾವುದೂ ಬೇಕಾಗಲಿಲ್ಲ. ಹಾಲಿನ ಡೇರಿಯೂ ಕೃಷಿ ಪತ್ತಿನ ಸಂಘವೂ ಊರೂರಲ್ಲಿ ಇದ್ದವಲ್ಲ, ಅವೇ ಹಣ ಕಟ್ಟಿಸಿಕೊಂಡವು. ಜ್ವರ, ಕೆಮ್ಮಿಗೆ ಹಣ ಕೊಡದೆ ಶಸ್ತ್ರಚಿಕಿತ್ಸೆಗೆ ಒತ್ತು ಕೊಟ್ಟದ್ದೂ ಲೆಕ್ಕಾಚಾರದಿಂದಲೇ. ಊರಿಗೊಬ್ಬರಿಗೆ ಬರುವ, ಬಂದರೆ ಮನೆ ಮುಳುಗಿಸುವ ಖರ್ಚು ಅದು. ಅದನ್ನೇ ಊರೆಲ್ಲ ಹಂಚಿಕೊಂಡರೆ ಹೊರಬಹುದು. ಆಸ್ಪತ್ರೆಗಳ ಖಾಲಿ ಹಾಸಿಗೆಗಳು ತುಂಬಿದವು, ರೈತರಿಗೆ ಹೊಲ ಉಳಿಯಿತು. 2018ರಲ್ಲಿ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ಜೊತೆ ವಿಲೀನವಾಗಿ ಮರೆಯಾದ ಯಶಸ್ವಿನಿ, ಸಹಕಾರಿಗಳ ಒತ್ತಾಯಕ್ಕೆ 2022ರಲ್ಲಿ ಮರಳಿ ಬಂತು.

ಇಂಥ ಮಾದರಿಯ ಬಗ್ಗೆ ಒಂದು ಎಚ್ಚರ ಇರಲೇಬೇಕು. ದಿನದಿನದ ವರಮಾನವನ್ನು ಡಾಕ್ಟರ ಮೊಬೈಲಿಗೆ ಕಳಿಸುವ ಪದ್ಧತಿ ಒಳ್ಳೆಯ ಕೈಯಲ್ಲಿ ಪೋಲು ತಡೆಯುತ್ತದೆ. ಬೇರೆ ಕೈಗೆ ಬಿದ್ದರೆ ಅದೇ ಸಂದೇಶ ಸ್ಕ್ಯಾನಿಂಗ್ ಇಷ್ಟಾಗಬೇಕು, ಸ್ಟೆಂಟ್ ಇಷ್ಟು ಹೋಗಬೇಕು ಎಂಬ ಗುರಿಯಾಗುತ್ತದೆ. ಕಾರ್ಪೊರೇಟ್ ಆಸ್ಪತ್ರೆಗಳ ಮೇಲೆ ಜನರಿಗಿರುವ ಗುಮಾನಿ ಸುಮ್ಮನೆ ಹುಟ್ಟಿದ್ದಲ್ಲ.

ಸರ್ಕಾರಿ ಸ್ವಾಯತ್ತ ಸಂಸ್ಥೆಯಾದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಯೋಜನೆ ಹೊರಟದ್ದು ಸಮಯದಿಂದ. ಡಾ. ಸಿ.ಎನ್. ಮಂಜುನಾಥ್ ಒಂದೂವರೆ ದಶಕಕ್ಕೂ ಮೀರಿ ನಿರ್ದೇಶಕರಾಗಿದ್ದ ಕಾಲದಲ್ಲಿ ಅಲ್ಲಿ ನೆಲೆಯೂರಿದ ನಿಯಮ ಮೊದಲು ಚಿಕಿತ್ಸೆ, ಹಣದ ಮಾತು ಆಮೇಲೆ. ಕೇಳಲು ಇದು ಬರೀ ದಯೆ ಎನಿಸಬಹುದು. ಹೃದಯಾಘಾತದಲ್ಲಿ ಇದು ವೈದ್ಯಕೀಯ ನಿರ್ಧಾರ. ರಕ್ತನಾಳ ಕಟ್ಟಿದ ಪ್ರತಿ ನಿಮಿಷವೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಮುಂಗಡ ಕಟ್ಟುವ ಕೌಂಟರಿನ ಸಾಲಿನಲ್ಲಿ ಕಳೆದ ಅರ್ಧ ಗಂಟೆಯನ್ನು ಯಾವ ಸ್ಟೆಂಟೂ ವಾಪಸು ತರುವುದಿಲ್ಲ. ಮೈಸೂರು, ಕಲಬುರಗಿಗಳಲ್ಲಿ ಶಾಖೆಗಳು ಬಂದವು. 2021ರಲ್ಲಿ ಇನ್ಫೊಸಿಸ್ ಫೌಂಡೇಷನ್ ಬೆಂಗಳೂರಿನಲ್ಲಿ 350 ಹಾಸಿಗೆಯ ಹೊಸ ಕಟ್ಟಡ ಕಟ್ಟಿಸಿಕೊಟ್ಟಿತು.

ಜಯದೇವದ ಬಾಗಿಲಿಗೆ ಬಂದವರ ಮಾತಾಯಿತು. ಸಿರುಗುಪ್ಪದಲ್ಲೋ ಹನೂರಿನಲ್ಲೋ ನಡುರಾತ್ರಿ ಎದೆನೋವು ಬಂದವರ ಪಾಡೇನು? ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು ಮಲಗುವವರು, ತಾಲ್ಲೂಕು ಆಸ್ಪತ್ರೆಗೆ ಬಂದರೂ ಇಲ್ಲಾಗದು ಎಂದು ಜಿಲ್ಲಾ ಕೇಂದ್ರಕ್ಕೆ ಕಳಿಸಲ್ಪಟ್ಟು ದಾರಿಯಲ್ಲೇ ಕೊನೆಯುಸಿರೆಳೆಯುವವರು ಯಾವ ದೊಡ್ಡ ಆಸ್ಪತ್ರೆಯ ವರದಿಯಲ್ಲೂ ಕಾಣುವುದಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಇಡೀ ನಾಡು ಈ ಪ್ರಶ್ನೆಯನ್ನು ಕೇಳಿಕೊಂಡಿತು. ಅವರ ಹೆಸರಿನಲ್ಲೇ 2024ರಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ಜಯದೇವದಂಥ ಕೇಂದ್ರದ ತಜ್ಞರ ಮುಂದೆ ಬರುತ್ತದೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಟ್ಟು, ಆನಂತರ ಆ್ಯಂಬುಲೆನ್ಸಿನಲ್ಲಿ ಮುಂದಕ್ಕೆ ಕಳಿಸುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಮದ್ದು ಅದು. ರೋಗಿ ತಜ್ಞರ ಬಳಿ ಹೋಗುವ ಬದಲು ತಜ್ಞರ ತೀರ್ಮಾನವೇ ರೋಗಿಯ ಬಳಿ ಬಂದಿತು.

ಅರವಿಂದ್, ಯಶಸ್ವಿನಿ, ಹೃದಯ ಜ್ಯೋತಿ ಮೂರರಲ್ಲೂ ದೊಡ್ಡ ತಂತ್ರಜ್ಞಾನವೇನೂ ಇಲ್ಲ. ನಕಲು ಮಾಡುವುದು ಸುಲಭವೆಂದೇ ತೋರುತ್ತದೆ. ಅರವಿಂದ್ ಸ್ವತಃ 1992ರಿಂದ ಲೈಕೋ ಎಂಬ ತರಬೇತಿ ಸಂಸ್ಥೆ ನಡೆಸಿ, ತನ್ನ ಗುಟ್ಟುಗಳನ್ನೆಲ್ಲ ಕೇಳಿದವರಿಗೆ ಕಲಿಸುತ್ತ ಬಂದಿದೆ. ಹಾಗಿದ್ದೂ ಬಹುತೇಕ ಕಡೆ ಆಗುವುದು ತಿರುವುಮುರುವು. ಮೊದಲು ಕಟ್ಟಡ, ಆಮೇಲೆ ಯಂತ್ರ, ಆಮೇಲೆ ಅದನ್ನು ನಡೆಸುವ ತಂತ್ರಜ್ಞನ ಹುದ್ದೆಗೆ ಮಂಜೂರಾತಿಗಾಗಿ ಕಡತದ ಓಡಾಟ. ರೋಗಿ ಏಕೆ ಬರಲಿಲ್ಲ ಎಂದು ಅವನ ಮನೆಗೇ ಹೋಗಿ ಕೇಳುವ ಕೆಲಸ ಯಾರ ಹೊಣೆಯೂ ಅಲ್ಲ. ಆಶಾ ಕಾರ್ಯಕರ್ತೆಯರಿಗೆ ಆ ಕಾರಣ ಗೊತ್ತಿರುತ್ತದೆ. ಯೋಜನೆ ಬರೆಯುವ ಸಭೆಗೆ ಅವರನ್ನು ಕರೆಯುವುದಿಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ. ಜನಪ್ರತಿನಿಧಿಗಳ ಜೊತೆ ಊರಿನ ನಾಗರಿಕರೂ ಅದರಲ್ಲಿ ಇರುತ್ತಾರೆ, ಆಸ್ಪತ್ರೆಗೆ ಬರುವ ಒಂದಿಷ್ಟು ಹಣವನ್ನು ಹೇಗೆ ಖರ್ಚು ಮಾಡಬೇಕೆಂದು ತೀರ್ಮಾನಿಸುತ್ತಾರೆ. ಸುಣ್ಣ ಬಣ್ಣ, ಕುರ್ಚಿ, ಜನರೇಟರ್ ರಿಪೇರಿಯಲ್ಲಿ ಸಭೆ ಮುಗಿಯುವುದೇ ಹೆಚ್ಚು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ. ಪರಿಚಯದವರಿದ್ದರೆ ಮುಂದಿನ ಸಭೆಯಲ್ಲಿ ಇಷ್ಟನ್ನು ಕೇಳಲು ಹೇಳಿ: ಕಳೆದ ತಿಂಗಳು ಇಲ್ಲಿಂದ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟು ಕಳಿಸಿದವರಲ್ಲಿ ಎಷ್ಟು ಮಂದಿ ಅಲ್ಲಿಗೆ ತಲುಪಿದರು, ತಲುಪದವರು ಏಕೆ ತಲುಪಲಿಲ್ಲ?